ಚರ್ಚಿನಲ್ಲಿ ನಾನು ಎದ್ದು ನಿಂತ ಭಾನುವಾರ

ನನ್ನದು ಕೂಗಾಡುವ ಸಿಟ್ಟಲ್ಲ, ಮಾತು ಬಿಡುವ ಸಿಟ್ಟು. ಮಗಳು ಇಲ್ಲಿಯ ಇಂಗ್ಲಿಷ್ ಹುಡುಗನನ್ನು ಮದುವೆಯಾಗುತ್ತೇನೆ, ಅದೂ ಅವರಿಬ್ಬರು ಮನೆ ಮಾಡಿರುವ ಹಳ್ಳಿಯ ಚರ್ಚಿನಲ್ಲಿ, ಎಂದಾಗ ಬಾಯಿಗೆ ಬೀಗ ಹಾಕಿಕೊಂಡೆ. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಹೆಂಡತಿ ಹಾಲ್ ಬುಕ್ ಮಾಡಿದಳು, ಹೋಳಿಗೆಗೆ ಜನರನ್ನು ಗೊತ್ತು ಮಾಡಿದಳು. ನಾನು ಲೀಡ್ಸ್‌ನ ಮನೆಯಲ್ಲಿ ಪೇಪರ್ ಹಿಡಿದು ಕೂತೆ. ಹುಡುಗ ಚಿನ್ನದಂಥವನೆಂದು ಎರಡನೇ ಭೇಟಿಯಲ್ಲೇ ಗೊತ್ತಾಗಿತ್ತು. ಆದರೆ ಮುನಿಸಿಕೊಂಡವನಿಗೆ ಕೆಳಗಿಳಿಯಲು ಏಣಿ ಬೇಕಲ್ಲ! ತಿಂಗಳುಗಳು ಕಳೆದವು. ಮಗಳು ನನ್ನ ಒಪ್ಪಿಗೆ ಕೇಳುವುದನ್ನೇ ನಿಲ್ಲಿಸಿದಳು.

ಹಳ್ಳಿ ಹೊಳೆಯ ದಂಡೆಯಲ್ಲಿದೆ, ಲೀಡ್ಸ್‌ನಿಂದ ಅರ್ಧ ತಾಸಿನ ದಾರಿ. ಹೂವು, ಊಟ ಎಂದು ಹೆಂಡತಿ ಅಲ್ಲಿಗೆ ಹೋದಾಗಲೆಲ್ಲ ಡ್ರೈವರ್ ನಾನೇ. ಒಂದು ದಿನ ಚರ್ಚಿನ ಬೆಂಚಿನ ಮೇಲೆ ಗಂಟು ಮುಖ ಹಾಕಿಕೊಂಡು ಕಾಯುತ್ತಿದ್ದವನ ಮುಂದೆ, ಅಲ್ಲಿಯ ಉಸ್ತುವಾರಿ ನೋಡುವ ಅಜ್ಜಿ ಹಳೆಯ ಮದುವೆ ಪುಸ್ತಕಗಳ ನಕಲು ಪ್ರತಿ ತಂದಿಟ್ಟರು. ನಾನು ಸಿವಿಲ್ ಇಂಜಿನಿಯರ್, ಹಳೆಯ ಕಾಗದ ಕಂಡರೆ ಬಿಡುವವನಲ್ಲ. ದೋಣಿ ನಡೆಸುವವನ ಮಗಳು, ಗಿರಣಿಯವನ ಮಗ, ಬುಟ್ಟಿ ಹೆಣೆಯುವ ವಿಧುರ. ಓದುಬರಹ ಬಾರದವರು ಸಹಿಯ ಜಾಗದಲ್ಲಿ ಕತ್ತರಿ ಗುರುತು ಹಾಕಿದ್ದರು. ಒಬ್ಬ ಮದುಮಗಳ ಗುರುತು ಎಷ್ಟು ದೊಡ್ಡದೆಂದರೆ ಗಂಡನ ಹೆಸರನ್ನೇ ಸೀಳಿಕೊಂಡು ಹೋಗಿತ್ತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಆ ಮನೆಯ ಯಜಮಾನಿಕೆ ಯಾರದೆಂದು ಕೇಳಬೇಕೇ?

ಕೆಲವು ಹೆಸರುಗಳ ಪಕ್ಕ ‘ತಂದೆತಾಯಿಯ ಒಪ್ಪಿಗೆಯಿಂದ’ ಎಂದಿತ್ತು. ಒಂದು ಕಡೆ ಮಾತ್ರ ಇಡೀ ಸಾಲಿನ ಮೇಲೆ ಗೀಟು ಎಳೆದು, ‘ಹುಡುಗಿಯ ತಂದೆ ತಡೆದಿದ್ದಾನೆ’ ಎಂದು ಬರೆದಿತ್ತು.

“ಆಮೇಲೆ ಏನಾಯಿತು?” ಎಂದು ಕೇಳಿದೆ.

“ಆ ಹುಡುಗಿಯ ಹೆಸರು ಮುಂದೆ ಯಾವ ಪುಟದಲ್ಲೂ ನನಗೆ ಸಿಕ್ಕಿಲ್ಲ,” ಎಂದರು ಅಜ್ಜಿ. ಈಗಲೂ ಮದುವೆಗೆ ಮೊದಲು ಮೂರು ಭಾನುವಾರ ಜೋಡಿಯ ಹೆಸರು ಓದಿ, ಆಕ್ಷೇಪ ಉಂಟೇ ಎಂದು ಕೇಳುತ್ತಾರಂತೆ. “ಬರುವ ಭಾನುವಾರ ನಿಮ್ಮ ಮಗಳ ಹೆಸರು. ಬನ್ನಿ.”

ನನಗೆ ನಾಚಿಕೆಯಾಯಿತು. ಗೀಟು ಎಳೆಯದಿದ್ದರೂ ಆ ತಂದೆಗಿಂತ ನಾನೇನು ದೊಡ್ಡ ಮನುಷ್ಯನಾಗಿರಲಿಲ್ಲ.

ಭಾನುವಾರ ಹೋದೆವು. ಪಾದ್ರಿಯಮ್ಮ ಎರಡು ಹೆಸರುಗಳನ್ನೂ ಓದಿದರು. ನಮ್ಮ ಮಗಳ ಹೆಸರನ್ನು ಎಷ್ಟು ಜೋಪಾನವಾಗಿ ಉಚ್ಚರಿಸಿದರು! ಆಮೇಲೆ, ಈ ಮದುವೆಗೆ ಅಡ್ಡಿಯೇನಾದರೂ ಇದ್ದರೆ ಹೇಳಿ ಎಂದರು. ಚರ್ಚು ಸ್ತಬ್ಧವಾಯಿತು.

ಧಾರವಾಡದ ನಮ್ಮ ಮನೆತನದಲ್ಲಿ ನಿಶ್ಚಯದ ದಿನ ಹಿರಿಯರು ಕೂಡಿದವರನ್ನು ಹೀಗೇ ಕೇಳುತ್ತಾರೆ. ಆಗ ಹೆಣ್ಣಿನ ತಂದೆ ಎದ್ದು ನಿಂತು ಬಾಯಿಬಿಟ್ಟು ಹೇಳಬೇಕು. ಕೂತಲ್ಲೇ ಗೋಣು ಹಾಕಿದರೆ ಬೀಗರಿಗೆ ಅವಮಾನ. ಇಲ್ಲಿ ಯಾರೂ ಏಳುತ್ತಿಲ್ಲ, ಎಲ್ಲರೂ ನನ್ನನ್ನೇ ಕಾಯುತ್ತಿದ್ದಾರೆ ಅನಿಸಿತು. ಎದ್ದು ನಿಂತೆ.

ಇಡೀ ಚರ್ಚು ತಿರುಗಿತು. ಹುಡುಗನ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಮಗಳ ಮುಖ ಬಿಳಿಚಿತು. ಹೆಂಡತಿ ನನ್ನ ಕೋಟು ಜಗ್ಗಿ, “ಕೂಡ್ರಿ! ಏನ್ ಮಾಡಾಕ್ಹತ್ತೀರಿ?” ಎಂದಳು.

“ನಾನು ಹುಡುಗಿಯ ತಂದೆ. ನನ್ನ ಪೂರ್ತಿ ಒಪ್ಪಿಗೆ ಇದೆ,” ಎಂದು ಇಂಗ್ಲಿಷಿನಲ್ಲಿ, ಸೈಟಿನಲ್ಲಿ ಕೂಗುವ ದನಿಯಲ್ಲಿ ಹೇಳಿದೆ.

ಪಾದ್ರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ವರ್ಷ ಕೇಳಿದ್ದೇನೆ, ಉತ್ತರ ಬಂದದ್ದು ಇದೇ ಮೊದಲು. ಇಲ್ಲಿ ಸುಮ್ಮನಿದ್ದರೇ ಒಪ್ಪಿಗೆ, ಸರ್,” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ನಾನು ಕೆಂಪಾಗಿ ಕೂತೆ, ಆದರೆ ಎದೆ ಹಗುರವಾಗಿತ್ತು.

ಹೊರಗೆ ಬಂದಾಗ ಮಗಳು ನನ್ನನ್ನು ಅಡ್ಡಗಟ್ಟಿದಳು. ಮದುವೆ ತಡೆಯಲೆಂದೇ ನಾನು ಎದ್ದೆನೆಂದುಕೊಂಡಿದ್ದಳಂತೆ. “ಯು ಟೋಲ್ಡ್ ದೆಮ್, ಅಪ್ಪಾ. ಯು ನೆವರ್ ಟೋಲ್ಡ್ ಮಿ,” ಎಂದಳು.

“ನನಗ ಒಪ್ಪಿಗಿ ಐತಿ, ಯವ್ವಾ,” ಎಂದೆ.

ಮಾತು ಕಲಿತಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತ ಬಂದ ಮಗಳು ನನ್ನ ಕೊರಳು ತಬ್ಬಿ, “ಭಾಳ ತಡಾ ಮಾಡಿದಿ, ಅಪ್ಪಾ,” ಎಂದಳು.