ಗೇಟಿನ ಕಡೆ ತಿರುಗಿದ ಪುಟ್ಟ ಪಾದಗಳು

ಕಿರ್ರ್... ಕಿಣ್. ಕಿರ್ರ್... ಕಿಣ್. ಕೃಷ್ಣನ ತೊಟ್ಟಿಲಿನ ಹಿತ್ತಾಳೆ ಸರಪಳಿಯ ಸದ್ದು ಅದು. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಗೋಕುಲಾಷ್ಟಮಿಯ ದಿನ ಚಕ್ಕುಲಿ ಒತ್ತುತ್ತಾ ನಾನು ಒಂದು ಕಿವಿಯನ್ನು ಅದಕ್ಕೇ ಬಿಟ್ಟಿರುತ್ತಿದ್ದೆ. ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ತೊಟ್ಟಿಲು ತೂಗುತ್ತಿದ್ದವರು ನನ್ನ ಯಜಮಾನರ ಅಕ್ಕ, ಗುಬ್ಬಿಯ ಅತ್ತಿಗೆ. ಸದ್ದು ನಿಂತಿತೆಂದರೆ ಕೃಷ್ಣನನ್ನು ಎತ್ತಿಕೊಂಡಿದ್ದಾರೆ ಎಂದೇ ಅರ್ಥ. ಎತ್ತಿಕೊಂಡವರು ಮತ್ತೆ ಮಲಗಿಸುತ್ತಾರೋ ಇಲ್ಲವೋ, ಐ ವಾಸ್ ನೆವರ್ ಶೂರ್.

ಅಂಗೈಯಲ್ಲಿ ಕೂರುವಷ್ಟು ಚಿಕ್ಕ, ಹಿತ್ತಾಳೆಯ ಅಂಬೆಗಾಲು ಕೃಷ್ಣ. ನಮ್ಮ ಅತ್ತೆ ಕುಣಿಗಲ್ಲಿನ ತವರಿನಿಂದ ತಂದದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬಲಮೊಣಕಾಲು ಸವೆದು ಚಪ್ಪಟೆಯಾಗಿತ್ತು. ಅತ್ತೆ ಹೋಗುವ ಮುಂಚೆ ಅದನ್ನು ನನ್ನ ಕೈಗೇ ಕೊಟ್ಟರು. ಅತ್ತಿಗೆಯ ನ್ಯಾಯ ಬೇರೆ: ತಾಯಿಯ ತವರಿನದು ಮಗಳಿಗೆ ಸೇರಬೇಕು. ನೇರವಾಗಿ ಎಂದೂ ಹೇಳಲಿಲ್ಲ. ಅಷ್ಟಮಿಯ ಹಿಂದಿನ ದಿನವೇ ಬಸ್ಸಿಳಿದು, ಮನೆಯಲ್ಲಿ ಕಡೆದ ಬೆಣ್ಣೆ ತಂದಿಟ್ಟು, ತೊಟ್ಟಿಲ ಪಕ್ಕ ಕೂತುಬಿಡುತ್ತಿದ್ದರು, ಅಷ್ಟೆ. ಬೆಣ್ಣೆಯ ಡಬ್ಬಿ ಚಿಕ್ಕದು, ಬ್ಯಾಗು ಮಾತ್ರ ದೊಡ್ಡದು. ಅದನ್ನೂ ನಾನು ಗಮನಿಸಿದ್ದೆ.

"ಏನಮ್ಮ ಕಾನ್ವೆಂಟಮ್ಮ, ಅಲ್ಲಿ ಚಕ್ಕುಲಿ ಸೀಯ್ತಾ ಐತೆ, ನೀನಿಲ್ ಬಂದು ಏನ್ ಹುಡುಕ್ತಿದೀಯ?"

"ಏನಿಲ್ಲ ಅತ್ತಿಗೆ, ಕಾಫಿ ಬೇಕಾ ಅಂತ ಕೇಳೋಕೆ ಬಂದೆ."

"ಉಪವಾಸ ಇರೋಳ್ಗೆ ಕಾಫಿ ಕೇಳ್ತೀಯಲ್ಲೇ! ಆ ಕೃಷ್ಣನೇ ನಿಂಗೆ ಬುದ್ಧಿ ಕೊಡ್ಲಿ."

ನಮ್ಮವರು ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದರು: "ಇಬ್ಬರಿಗೂ ಕೂದಲು ಬೆಳ್ಳಗಾಯ್ತು, ಕಳ್ಳ ಪೊಲೀಸ್ ಆಟ ಸಾಕು ಕಣ್ರೇ."

ಕೃಷ್ಣ ಬರುವ ದಾರಿ ಬರೆಯುವುದು ಅತ್ತಿಗೆಯ ಕೆಲಸ. ಮುಷ್ಟಿಯನ್ನು ಅಕ್ಕಿಹಿಟ್ಟಿನ ನೀರಿಗೆ ಅದ್ದಿ ನೆಲಕ್ಕೆ ಒತ್ತಿದರೆ ಪುಟ್ಟ ಪಾದ. ಅದರ ತುದಿಗೆ ಬೆರಳಿನಿಂದ ಐದು ಚುಕ್ಕೆ. ಗೇಟಿನಿಂದ ದೇವರಮನೆಯವರೆಗೆ, ಬೆರಳುಗಳು ಒಳಮುಖವಾಗಿ. ಈಚಿನ ಒಂದು ಅಷ್ಟಮಿಯ ಬೆಳಿಗ್ಗೆ ಹೂ ಕೀಳಲು ಹೊರಟವಳು ಹೊಸಿಲ ಬಳಿ ನಿಂತುಬಿಟ್ಟೆ. ಪಾದಗಳೆಲ್ಲ ಗೇಟಿನ ಕಡೆ ತಿರುಗಿದ್ದವು. ದೇವರಮನೆಯಿಂದ ಹೊರಟು, ಹಾಲ್ ದಾಟಿ, ಮೆಟ್ಟಿಲಿಳಿದು, ಗೇಟಿನಾಚೆ ರಸ್ತೆಯಲ್ಲೂ ಒಂದು ಜೊತೆ, ಬಸ್‌ಸ್ಟ್ಯಾಂಡಿನ ದಿಕ್ಕಿಗೆ.

ಕಣ್ಣು ಮಂಜಾಗಿದ್ದರೆ ಒಂದೆರಡು ತಪ್ಪಬಹುದು. ಇದು ಪ್ಲಾನ್.

"ಅತ್ತಿಗೆ, ಇದೇನಿದು? ಕೃಷ್ಣ ಹೊರಗೆ ಹೋಗ್ತಿದಾನೆ!"

ಅವರು ಕೈಗಂಟಿದ ಹಿಟ್ಟು ತೊಳೆಯುತ್ತಿದ್ದರು. "ಹೌದಾ? ಎಲ್ಗಂತೆ?"

"ನೀವೇ ಹೇಳಿ."

"ನಂಗೇನ್ ಗೊತ್ತು? ನಾನೇನ್ ಎತ್ಕೊಂಡ್ ಹೋದ್ನಾ? ಅವನ ಕಾಲು, ಅವನಿಷ್ಟ."

ಒದ್ದೆ ಬಟ್ಟೆ ತಂದು ಬಗ್ಗಿದೆ. ಒರೆಸಲು ಕೈ ಬರಲಿಲ್ಲ. ಆ ಪಾದಗಳನ್ನು ತುಳಿಯಬಾರದು, ಪೂಜೆ ಮುಗಿಯುವ ತನಕ ಅಳಿಸಬಾರದು ಎಂದು ಅತ್ತೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದೆಲ್ಲ ಅದರ ಮುಂದೆ ನಿಲ್ಲಲಿಲ್ಲ. ನಾನು ಒರೆಸಲಾರೆ ಎಂಬುದು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಕೇಳಲಾರದ್ದನ್ನು ಹಿಟ್ಟಿನಲ್ಲಿ ಕೇಳಿದ್ದರು. ದಿನವಿಡೀ ನಾನು ಆ ಸಾಲನ್ನು ದಾಟಿ ದಾಟಿ ಓಡಾಡಿದೆ. ಪ್ರತಿ ಸಲವೂ ಹುಡುಗ ಮನೆ ಬಿಟ್ಟು ಹೊರಟಂತೆಯೇ ಕಾಣುತ್ತಿತ್ತು.

ಸಂಜೆ ಪೂಜೆಗೆ ಮುಂಚೆ ಸರಪಳಿಯ ಸದ್ದು ನಿಂತಿತು. ಹೋಗಿ ನೋಡಿದೆ. ಬ್ಯಾಗು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಕೃಷ್ಣ ಅವರ ತೊಡೆಯ ಮೇಲಿದ್ದ. ಸೆರಗಿನ ತುದಿಯಿಂದ ಆ ಸವೆದ ಮೊಣಕಾಲನ್ನು ಒರೆಸುತ್ತಿದ್ದರು.

"ಅವ್ವನೂ ಹಿಂಗೇ ಒರಸ್ತಿದ್ಲು," ಎಂದರು, ನನ್ನ ಕಡೆ ನೋಡದೆ.

"ನಾಳೆ ಕರ್ಕೊಂಡು ಹೋಗಿ ಅತ್ತಿಗೆ," ಎಂದುಬಿಟ್ಟೆ. "ಒಂದು ವರ್ಷಕ್ಕೆ ಮಾತ್ರ. ಮುಂದಿನ ಅಷ್ಟಮಿಗೆ ವಾಪಸ್ ಬರ್ಬೇಕು."

ಅವರ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾಕೆ? ನಿಂಗೇನ್ ಬೇಕಾಗೈತೆ?"

"ಏನೂ ಬೇಡ."

"ಸುಮ್ ಸುಮ್ಕೆ ಕೊಡೋ ಪೈಕಿ ಅಲ್ಲ ಕಣೇ ನೀನು."

ಮುಂದಿನ ಅಷ್ಟಮಿಗೆ ಕೃಷ್ಣ ಬಂದ, ಮಾತಿನ ಪ್ರಕಾರವೇ, ಅತ್ತಿಗೆಯ ಮಗಳ ಕೈಯಲ್ಲಿ. ಅತ್ತಿಗೆ ಆ ಸಂಕ್ರಾಂತಿಗೂ ಮುಂಚೆಯೇ ತೀರಿಕೊಂಡಿದ್ದರು. ಈಗ ಪಾದ ಬರೆಯುವವಳು ನಾನು. ಬೆರಳುಗಳು ಒಳಮುಖವಾಗಿಯೇ ಇವೆಯೇ ಎಂದು ಹಿಂತಿರುಗಿ ಹಿಂತಿರುಗಿ ನೋಡುತ್ತೇನೆ.

ಅವರನ್ನು ಕೊನೆಯ ಸಲ ನೋಡಿದ್ದು ಅಷ್ಟಮಿಯ ಮರುದಿನ, ಗುಬ್ಬಿ ಬಸ್ಸಿನ ಕಿಟಕಿಯಲ್ಲಿ. ರೇಷ್ಮೆಯ ಬ್ಲೌಸ್ ಪೀಸಿನಲ್ಲಿ ಸುತ್ತಿದ ಕೃಷ್ಣನನ್ನು ನಾನೇ ಕೈಗಿಟ್ಟು ಕೆಳಗಿಳಿದಿದ್ದೆ. ಕೂತ ತಕ್ಷಣ ಗಂಟು ಬಿಚ್ಚಿದರು. ಕೃಷ್ಣನನ್ನು ಮಗುಚಿ, ಹೆಬ್ಬೆರಳಿನಿಂದ ಬಲಮೊಣಕಾಲು ತಡವಿದರು.

"ಬೇರೇದ್ ಸುತ್ತಿ ಕೊಟ್ಟಿಲ್ಲ ತಾನೇ?"

"ನೋಡ್ಕೊಳ್ಳಿ ಅತ್ತಿಗೆ."

ಬಸ್ಸು ಹೊರಟಿತು. ಕೈ ಬೀಸಿದೆ. ಅವರು ನೋಡಲಿಲ್ಲ. ಕೃಷ್ಣನನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇನ್ನೂ ಪರೀಕ್ಷಿಸುತ್ತಲೇ ಇದ್ದರು.