ಬುಡಾಪೆಸ್ಟಿನಲ್ಲಿ ಬರಿಗಾಲು

ಇಲ್ಲಿ ಬರೆಯುವುದರಲ್ಲಿ ನಡೆದದ್ದೆಷ್ಟು, ನಾನೇ ಹೇಳಿ ಹೇಳಿ ಕಟ್ಟಿಕೊಂಡದ್ದೆಷ್ಟು ಎಂದು ಪ್ರಮಾಣ ಮಾಡಿ ಹೇಳಲಾರೆ. ಮೊನ್ನೆ ಮದ್ದೂರಿನಲ್ಲಿ ಮಿಠಾಯಿ ಅಂಗಡಿಯೊಂದರ ಹಿಂಬದಿಯಲ್ಲಿ ಹೋಗುತ್ತಿದ್ದಾಗ ಸಕ್ಕರೆ ಪಾಕದ ವಾಸನೆ ಬಂತು. ಬೆಸಗರಹಳ್ಳಿಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಆಲೆಮನೆ ಗೌಡರು ಕಣ್ಣೆದುರು ನಿಂತರು. ನಿಂತದ್ದು ಬೆಸಗರಹಳ್ಳಿಯಲ್ಲಲ್ಲ, ಬುಡಾಪೆಸ್ಟ್ ನಗರದಲ್ಲಿ...

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿದ್ದ ಕಾಲ. ಕಬ್ಬನ್ನು ಅದಕ್ಕೆ ಕೊಡುವುದೋ ಬೇಡವೋ ಎಂದು ಊರಿನವರಿಗೆ ಅನುಮಾನ. ಅಂಥ ಯಂತ್ರಗಳನ್ನು ಮಾಡುವ ದೇಶವನ್ನೇ ನೋಡಿಬರಲೆಂದು ರೈತರ ಪರವಾಗಿ ಗೌಡರನ್ನು ಕಳಿಸಿದರು. ರಸಾಯನಶಾಸ್ತ್ರ ಓದಿ ಜರ್ಮನ್ ಕಲಿತಿದ್ದ ನಾನು ದುಭಾಷಿ. ಗೌಡರು ಬಂದು ಹೇಳಿದಂತೆ ಊರು ನಡೆಯುವುದೆಂದು ಮಾತಾಗಿತ್ತು. ಅವರು ಕೊಡಿ ಎಂದರೆ ಅವರ ಆಲೆಮನೆಯ ಒಲೆಯೇ ಆರುತ್ತದೆ. ಅದು ಅವರಿಗೂ ಗೊತ್ತಿತ್ತು.

ಆ ದೇಶದಲ್ಲಿ ಕಾರ್ಖಾನೆ ನೋಡುವ ಕೆಲಸ ಮುಗಿಸಿ ಹಡಗಿನ ಕಡೆಗೆ ಹೊರಟಾಗ, ರೈಲು ಬದಲಿಸಲು ಬುಡಾಪೆಸ್ಟಿನಲ್ಲಿ ಅರ್ಧ ದಿನ ಸಿಕ್ಕಿತು. ಹಿಮ ಬಿದ್ದಿತ್ತೋ, ಬರೀ ಮಳೆಯೋ, ಈಗ ನೆನಪಿಲ್ಲ. ಡ್ಯಾನ್ಯೂಬ್ ನದಿ, ಸೇತುವೆಯ ಕಲ್ಲಿನ ಸಿಂಹಗಳು, ಗುಡ್ಡದ ಮೇಲಿನ ಅರಮನೆ, ಎಲ್ಲವನ್ನೂ ತೋರಿಸಿಬಿಡುವ ಆತುರ ನನಗೆ.

“ಸಿಂಹ ಚೆಂದಾಗವೆ ಅಯ್ನೋರೆ. ಆದ್ರೆ ಊರಲ್ಲಿ ಕಬ್ಬಿನ ಸಮಾಚಾರ ಕೇಳ್ತಾರೆ. ಏನಂತ ಅನ್ಲಿ?”

“ಯಂತ್ರ ನೋಡಿದಿರಲ್ಲ ಗೌಡರೇ.”

“ನೋಡ್ದೆ. ಪಾಕದ ಹದ ನೋಡಾಕೆ ಅಲ್ಲಿ ಗಾಜಿನ ಕಡ್ಡಿ ಮಡಗವ್ರೆ. ಈ ಕೈ ಇನ್ನೇನ್ ಮಾಡ್ಬೇಕು?”

ನಾನು ಗುಡ್ಡದ ಕಡೆಗೆ ಕೈ ತೋರಿಸಿ ಮುಂದೆ ನಡೆದೆ. ಅರಮನೆಗೆ ಹತ್ತುವ ಗಲ್ಲಿಯಲ್ಲಿ ಅವರು ನಿಂತುಬಿಟ್ಟರು. ತೆರೆದ ಬಾಗಿಲೊಂದರ ಒಳಗೆ ತಾಮ್ರದ ಪಾತ್ರೆಯಲ್ಲಿ ಸಕ್ಕರೆ ಕುದಿಯುತ್ತಿತ್ತು. ಮಿಠಾಯಿ ಮಾಡುತ್ತಿದ್ದ ಮುದುಕ ನಮ್ಮನ್ನು ಕಂಡು ಸೌಟು ಹಿಡಿದೇ ಬೈಯುತ್ತ ಬಂದ. ಗೌಡರು ಹೊಸ್ತಿಲಲ್ಲಿ ಬಗ್ಗಿ ಬೂಟು ಬಿಚ್ಚುತ್ತಿದ್ದರು. ನಮ್ಮ ಕಡೆ ಬೆಲ್ಲ ಕಾಯಿಸುವ ಕೊಪ್ಪರಿಗೆಯ ಹತ್ತಿರ ಯಾರೂ ಮೆಟ್ಟು ಹಾಕಿಕೊಂಡು ಹೋಗುವುದಿಲ್ಲ.

ಆ ಚಳಿಯಲ್ಲಿ, ಒದ್ದೆ ಕಲ್ಲಿನ ಮೇಲೆ ಬರಿಗಾಲು ಕಂಡು ಮುದುಕನ ಬೈಗುಳ ನಿಂತಿತು. ಕಾಲು ನೋಡಿದ, ಮುಖ ನೋಡಿದ, ತಣ್ಣೀರಿನ ಬಟ್ಟಲನ್ನು ಮುಂದೆ ತಳ್ಳಿದ. ಗೌಡರು ಬೆರಳು ಅದ್ದಿ, ಸೌಟಿನ ತುದಿಯಿಂದ ಒಂದಿಷ್ಟು ಪಾಕ ತೆಗೆದು ನೀರಲ್ಲಿ ಉಂಡೆ ಕಟ್ಟಿ ನೋಡಿದರು.

“ಇನ್ನೊಂದು ಕುದಿ ಬೇಕು.”

ನಾನಿನ್ನೂ ಅನುವಾದಿಸಿರಲಿಲ್ಲ. ಮುದುಕನೂ ಹಾಗೆಯೇ ಬೆರಳು ಅದ್ದಿ ಉಂಡೆ ಕಟ್ಟಿ ನೋಡಿ, ನನ್ನತ್ತ ಒಂದು ಬೆರಳು ಎತ್ತಿದ.

“ಸಕ್ಕರೆ ಮಿಸಿನ್ನಿಂದು ಅಯ್ನೋರೆ,” ಎಂದರು ಗೌಡರು, “ಕೈ ಇವಂದೇ.”

ಪಾಕ ಇಳಿಯುವವರೆಗೂ ಅವರು ಕದಲಲಿಲ್ಲ. ಅಲ್ಲಿಂದ ಓಡಿ ರೈಲು ಹಿಡಿದೆವು. ಅರಮನೆ ತಪ್ಪಿತೆಂದು ನಾನು ಮುಖ ಊದಿಸಿ ಕೂತಿದ್ದೆ.

“ಅರಮನೆ ಮೈಸೂರಲ್ಲೂ ಐತೆ, ಬುಡಿ,” ಎಂದರು, ಮರಗಟ್ಟಿದ ಪಾದ ಉಜ್ಜಿಕೊಳ್ಳುತ್ತ. ಬೂಟು ಮತ್ತೆ ಹಾಕಿಕೊಳ್ಳುತ್ತ, “ಕಬ್ಬು ಕೊಡಿ ಅಂತೀನಿ. ನಂದೊಂದು ಕೊಪ್ಪರಿಗೆ ಮಾತ್ರ ಬುಡಾಕಿಲ್ಲ.”

ಊರಿಗೆ ಬಂದು ಕಬ್ಬು ಕೊಡಿ ಎಂದೇ ಹೇಳಿದರು. ಬೆಸಗರಹಳ್ಳಿಯ ಗಾಡಿಗಳು ಮಂಡ್ಯದ ದಾರಿ ಹಿಡಿದವು. ನಾನು ಕೆಲಸದ ಮೇಲೆ ದೂರ ಹೋದೆ. ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಹೋಗಬಹುದಿತ್ತು, ಹೋಗಲಿಲ್ಲ...

ಕೊಪ್ಪರಿಗೆ ಬಿಡುವುದಿಲ್ಲವೆಂಬ ಆ ಕೊನೆಯ ಮಾತು ರೈಲಿನಲ್ಲಿ ಅವರು ಆಡಿದ್ದೋ, ಕಥೆ ಚೆನ್ನಾಗಿರಲೆಂದು ನಾನೇ ಅವರ ಬಾಯಿಗೆ ಇಟ್ಟದ್ದೋ ಎಂಬ ಅನುಮಾನ ಬಹಳ ವರ್ಷ ಕಾಡಿತು. ಮೊನ್ನೆ ಮದ್ದೂರಿನಿಂದ ನೇರ ಬೆಸಗರಹಳ್ಳಿಯ ಬಸ್ಸು ಹತ್ತಿದೆ. ಆಲೆಮನೆ ಇದ್ದ ಜಾಗದಲ್ಲಿ ಈಗ ಮೇವು ಒಟ್ಟಿದ್ದಾರೆ. ಗೌಡರ ಸೊಸೆಗೂ ವಯಸ್ಸಾಗಿದೆ.

“ತೀರ್ಕೊಂಡ ವರ್ಸನೂ ಒಂದ್ ಕೊಪ್ಪರಿಗೆ ಬೆಲ್ಲ ಇಳ್ಸಿದ್ರು ಅಯ್ನೋರೆ,” ಎಂದರು ಆಕೆ. “ಆಮೇಲೆ ಆ ಕೈ ಯಾರ್ಗೂ ಬರ್ಲಿಲ್ಲ.”

ಅಷ್ಟಕ್ಕೇ ನಂಬದೆ ಪಕ್ಕದ ಎರಡು ಮನೆಗಳಲ್ಲೂ ವಿಚಾರಿಸಿದೆ. ಹೌದು, ಪ್ರತಿ ವರ್ಷ ಗೌಡರು ತಮ್ಮ ಕಬ್ಬೆಲ್ಲ ಮಂಡ್ಯಕ್ಕೆ ಕಳಿಸಿ, ಒಂದೇ ಒಂದು ಕೊಪ್ಪರಿಗೆಯಷ್ಟು ಉಳಿಸಿಕೊಳ್ಳುತ್ತಿದ್ದರು.