ಅಕ್ಕೋರು ಎತ್ತಿದ ಕೈ

ಹೋದ ತಿಂಗಳು ಮೊಮ್ಮಗ ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತ ನಡುಮನೆಯಲ್ಲಿ ಕೂತಿದ್ದ. ಅರ್ಧ ಎಣ್ಣೆ ಬ್ಯಾಟಿಗೆ, ಇನ್ನರ್ಧ ನಾನು ಆಗ ತಾನೇ ಒರೆಸಿದ್ದ ನೆಲಕ್ಕೆ. ಬೈಯಬೇಕೆಂದು ಅಡುಗೆಮನೆಯಿಂದ ಎದ್ದು ಬಂದವಳು ಆ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟೆ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಈ ಮನೆ, ಟಿ.ವಿ.ಯ ಗದ್ದಲ, ಹುಡುಗನ ಪೆಚ್ಚು ಮುಖ ಎಲ್ಲ ಹಿಂದೆ ಸರಿದು, ಹರಿಹರದ ನಮ್ಮ ಹೈಸ್ಕೂಲಿನ ಆಟದ ಕೊಠಡಿ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ನಮ್ಮ ಅಕ್ಕೋರು ಬಂದರು...

ಅಕ್ಕೋರು ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಹೊಳೆಯಾಚೆ ರಾಣೇಬೆನ್ನೂರಿನ ಕಡೆಯವರು. ಅಲ್ಲಿಯವರು ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರಾದ್ದರಿಂದ ನಾವೂ ಹಾಗೇ ಕರೆದೆವು. ದಾವಣಗೆರೆಯಲ್ಲಿ ಅಣ್ಣನ ಮನೆಯಲ್ಲಿದ್ದು, ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿಗೆ ಹಿಂದಿರುಗುತ್ತಿದ್ದರು. ಕಲಿಸುವವರಲ್ಲಿ ಇಡೀ ಶಾಲೆಗೆ ಅವರೊಬ್ಬರೇ ಹೆಂಗಸು. ಕುಳ್ಳಗಿದ್ದರು, ಗಂಟಲು ಮಾತ್ರ ದೊಡ್ಡದು. ಪಾಠ ಒಪ್ಪಿಸದಿದ್ದರೆ ‘ಲೇ ಹುಡುಗೀ, ತಲಿಯೊಳಗ ಏನು ತುಂಬ್ಕೊಂಡು ಬಂದೀ’ ಎಂದು ಶುರು ಮಾಡಿದರೆ ಪಕ್ಕದ ಕ್ಲಾಸಿನವರೂ ಸುಮ್ಮನಾಗುತ್ತಿದ್ದರು.

ಅದು ಅರವತ್ತೊಂಬತ್ತರ ಕೊನೆ. ದಿಲ್ಲಿಯಲ್ಲಿ ಆಳುವ ಪಕ್ಷ ಒಡೆದು ಎರಡಾಗಿತ್ತು. ಪ್ರಧಾನಿಯ ಕಡೆ ಉಳಿದವರು ಲೋಕಸಭೆಯಲ್ಲಿ ಅರ್ಧಕ್ಕಿಂತ ಕಡಿಮೆ. ಆದರೂ ಸರ್ಕಾರ ಬೀಳಲಿಲ್ಲ, ಬೇರೆ ಪಕ್ಷಗಳ ಬೆಂಬಲದಿಂದ ನಡೆಯುತ್ತಿತ್ತು. ನಮ್ಮಪ್ಪ ಮತ್ತು ನಮ್ಮ ಚಿಕ್ಕಪ್ಪ ಒಂದೊಂದು ಕಡೆ ಹಿಡಿದು, ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಟ್ಟಿದ್ದರು. ರೇಡಿಯೋ ವಾರ್ತೆ ಕೇಳಲು ಮಾತ್ರ ಇಬ್ಬರೂ ಪಕ್ಕಪಕ್ಕ ಕೂರುತ್ತಿದ್ದರು. ಕ್ಲಾಸಿನಲ್ಲಿ ಯಾರೋ ಕೇಳಿದರು, ‘ಅಕ್ಕೋರೆ, ಬಹುಮತ ಇಲ್ಲದ ಸರ್ಕಾರ ಹೆಂಗ ನಡೀತೈತ್ರಿ?’

ಅಕ್ಕೋರು ಪುಸ್ತಕ ಮುಚ್ಚಿದರು. ‘ಹೇಳಿದ್ರ ತಿಳಿಯಂಗಿಲ್ಲ. ನಡಿಸಿ ನೋಡ್ರಿ’ ಅಂದರು.

ಹಾಗೆ ಶುರುವಾದದ್ದು ನಮ್ಮ ಪಾರ್ಲಿಮೆಂಟು, ಪ್ರತಿ ಶುಕ್ರವಾರ ಕೊನೆಯ ಎರಡು ಪೀರಿಯಡ್ಡು. ಬಹುಮತವಿಲ್ಲದ ಸರ್ಕಾರದಲ್ಲಿ ಕೂರುವವರು ಯಾರು ಎಂದಾಗ ಪೇಟೆಯ ಹುಡುಗರೆಲ್ಲ ನಕ್ಕು ವಿರೋಧ ಪಕ್ಷದ ಕಡೆ ಹೋದರು. ಉಳಿದವರು ಹುಡುಗಿಯರು. ನಮ್ಮಲ್ಲಿ ಬಾಯಿ ಜೋರಿದ್ದವಳು ನಾನೇ ಆದ್ದರಿಂದ ಪ್ರಧಾನಿ ಪಟ್ಟ ನನಗೆ ಬಂತು. ಎರಡು ಜಡೆಯ, ಗಿಡ್ಡ ಲಂಗದ ಪ್ರಧಾನಿ. ವಿರೋಧ ಪಕ್ಷದ ನಾಯಕ ವಕೀಲರೊಬ್ಬರ ಮಗ, ಇಸ್ತ್ರಿ ಅಂಗಿಯ ಹುಡುಗ. ಎರಡೂ ಕಡೆ ಸೇರದೆ ಹಿಂದಿನ ಬೆಂಚಿನಲ್ಲಿ ಕೂತವರು ಕೊಂಡಜ್ಜಿ ಕಡೆಯಿಂದ ನಡೆದು ಬರುತ್ತಿದ್ದ ಹಳ್ಳಿ ಹುಡುಗರು. ಅವರು ಒಲಿದರೆ ಸರ್ಕಾರ, ಮುನಿದರೆ ಇಲ್ಲ.

ಅಕ್ಕೋರೇ ಸಭಾಧ್ಯಕ್ಷರು. ಆ ಕುರ್ಚಿಯಲ್ಲಿ ಕೂತೊಡನೆ ಅವರು ಬೇರೆಯೇ ಆಗುತ್ತಿದ್ದರು. ಗುರುವಾರ ‘ಲೇ’ ಅಂದವರು ಶುಕ್ರವಾರ ‘ಮಾನ್ಯ ಪ್ರಧಾನಿಯವರು ಮಾತಾಡಬೇಕ್ರಿ’ ಅನ್ನುವರು. ನಮಗೆ ಅಲ್ಲಿಯವರೆಗೆ ಯಾರೂ ‘ರೀ’ ಹಚ್ಚಿ ಮಾತಾಡಿಸಿರಲಿಲ್ಲ. ತಡವಾಗಿ ಬಂದು ದಿನಾ ಡ್ರಿಲ್ ಮೇಷ್ಟ್ರ ಬೆತ್ತದ ರುಚಿ ನೋಡುತ್ತಿದ್ದ ಹಳ್ಳಿ ಹುಡುಗನೊಬ್ಬ, ತನ್ನನ್ನು ‘ಮಾನ್ಯ ಸದಸ್ಯರು’ ಎಂದು ಕರೆದಾಗ ಹಿಂದಿರುಗಿ ನೋಡಿದ. ಬೇರೆ ಯಾರನ್ನೋ ಕರೆದಿದ್ದಾರೆ ಅಂದುಕೊಂಡಿದ್ದ, ಪಾಪ.

ಇದೆಲ್ಲ ಆಟವಾಗಿಯೇ ಉಳಿಯುತ್ತಿತ್ತೇನೋ. ಹೆಡ್ಮಾಸ್ತರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ನಗುತ್ತ, ‘ನೀವು ಪಾಸ್ ಮಾಡಿದ್ದನ್ನ ನಾನು ಜಾರಿ ಮಾಡ್ತೀನ್ರಪ್ಪ, ಏನು ಮಾಡ್ತೀರೋ ಮಾಡ್ರಿ’ ಎಂದರು. ತಮಾಷೆಗೆ ಅಂದದ್ದು. ಅಕ್ಕೋರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ‘ಸಭೆ ಕೇಳಿಸಿಕೊಂಡೈತ್ರಿ, ಸರ್’ ಅಂದರು. ಹೆಡ್ಮಾಸ್ತರು ಮಾತು ಕೊಟ್ಟು ಸಿಕ್ಕಿಕೊಂಡರು. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪಲಿಲ್ಲ. ದೂರದಿಂದ ನಡೆದು ಬರುವವರನ್ನು ತಡವಾಗಿದ್ದಕ್ಕೆ ಹೊಡೆಯಬಾರದು ಎಂಬ ನಮ್ಮ ಮೊದಲ ಮಸೂದೆ ಪಾಸಾಯಿತು. ಸೋಮವಾರದಿಂದಲೇ ಬೆತ್ತ ನಿಂತಿತು. ಹಳ್ಳಿ ಹುಡುಗರು ನಮ್ಮ ಕಡೆಗಾದರು.

ವಕೀಲರ ಮಗ ಸುಮ್ಮನಿರುತ್ತಾನೆಯೇ? ಮುಂದಿನ ವಾರವೇ ಅವಿಶ್ವಾಸ ನಿರ್ಣಯ ತಂದ. ಅವತ್ತು ನಮ್ಮ ಕಡೆಯ ಹಳ್ಳಿ ಹುಡುಗರಿಬ್ಬರು ಒಕ್ಕಣೆ ಕೆಲಸಕ್ಕೆ ಮನೆಯಲ್ಲೇ ಉಳಿದಿದ್ದರು. ಎಣಿಸಿದರೆ ಎರಡೂ ಕಡೆ ಸಮ. ಸಮ ಬಂದಾಗ ಮಾತ್ರ ಸಭಾಧ್ಯಕ್ಷರಿಗೆ ಮತ ಎಂಬುದು ನಿಯಮ. ಅಕ್ಕೋರು ನಿರ್ಣಯದ ವಿರುದ್ಧ ಕೈ ಎತ್ತಿದರು. ಸರ್ಕಾರ ಉಳಿಯಿತು. ನಾವು ಬೆಂಚು ಬಡಿದೆವು.

‘ನೀವು ಅವರ ಪರ ಅದೀರಿ’ ಎಂದ ವಕೀಲರ ಮಗ, ಮುಖ ಕೆಂಪಗೆ ಮಾಡಿಕೊಂಡು.

‘ನಾನು ಯಾರ ಪರಾನೂ ಅಲ್ರಿ. ಮತ ಸಮ ಆದಾಗ ಇದ್ದದ್ದು ಇದ್ದಂಗ ಇರಬೇಕು. ಬದಲು ಬೇಕಾದವರು ಇನ್ನೂ ಒಬ್ಬರನ್ನ ಒಪ್ಪಿಸಿಕೊಂಡು ಬರ್ರಿ’ ಅಂದರು ಅಕ್ಕೋರು.

ಅವನು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾವೂ ನಂಬಲಿಲ್ಲ. ಅಕ್ಕೋರು ಹೆಂಗಸಲ್ಲವೇ, ನಮ್ಮವರೇ ಎಂದು ಒಳಗೊಳಗೇ ಹಿಗ್ಗಿದೆವು.

ಆ ಧೈರ್ಯದಲ್ಲೇ ಆಟದ ಕೊಠಡಿಯನ್ನು ಹುಡುಗಿಯರಿಗೆ ಬಿಟ್ಟುಕೊಡಬೇಕೆಂಬ ಮಸೂದೆ ತಂದದ್ದು. ಬ್ಯಾಟು, ಚೆಂಡು, ಎಣ್ಣೆ ಡಬ್ಬಿಗಳನ್ನಿಡುವ ಆ ಕೊಠಡಿಗೆ ಹಿಂದೆ ಗೋಡೆ ಕಟ್ಟಿದ ಪುಟ್ಟ ಅಂಗಳವಿತ್ತು. ಅಲ್ಲಿ ಒಂದು ಪಾಯಿಖಾನೆ, ಒಂದು ನೀರಿನ ತೊಟ್ಟಿ. ಶಾಲೆಗೆಲ್ಲ ಮರೆಯಿದ್ದ ಜಾಗ ಅದೊಂದೇ, ಬೀಗದ ಕೈ ಡ್ರಿಲ್ ಮೇಷ್ಟ್ರ ಬಳಿ. ಹುಡುಗರಿಗೆ ಬಯಲಿತ್ತು, ನಮಗೆ ಏನೂ ಇರಲಿಲ್ಲ. ತಿಂಗಳಿಗೆ ಮೂರು ದಿನ ಹುಡುಗಿಯರು ಶಾಲೆ ತಪ್ಪಿಸುತ್ತಿದ್ದೆವು. ತಪ್ಪಿಸಿ ತಪ್ಪಿಸಿ ಪಾಠ ಹಿಂದೆ ಬಿದ್ದು, ಕೆಲವರು ಬರುವುದನ್ನೇ ಬಿಟ್ಟರು. ನನ್ನ ಪಕ್ಕ ಕೂರುತ್ತಿದ್ದ ಹಾಲಮ್ಮನ ಅಪ್ಪ ಆಗಲೇ ಹೇಳಿಬಿಟ್ಟಿದ್ದರು, ಆ ಶಾಲೆಯಲ್ಲಿ ಹುಡುಗಿಯರಿಗೆ ಅನುಕೂಲವಿಲ್ಲ, ಸಂಕ್ರಾಂತಿಯೊಳಗೆ ಏನೂ ಆಗದಿದ್ದರೆ ಬಿಡಿಸುತ್ತೇನೆ ಎಂದು. ಹಾಲಮ್ಮ ಲೆಕ್ಕದಲ್ಲಿ ನಮಗೆಲ್ಲ ಮುಂದಿದ್ದಳು. ಆ ಕೊಠಡಿ ಸಿಕ್ಕರೆ ಅವಳು ಓದುತ್ತಾಳೆ, ಇಲ್ಲದಿದ್ದರೆ ಇಲ್ಲ. ನನಗೆ ಆ ಸರ್ಕಾರ ಬೇಕಾಗಿದ್ದದ್ದು ಅದಕ್ಕೇ.

ಶುಕ್ರವಾರ ಬಂತು. ‘ಹುಡುಗಿಯರಿಗೆ ಪ್ರತ್ಯೇಕ ಕೊಠಡಿ ಯಾಕ ಬೇಕು, ಪ್ರಧಾನಿಯವರು ಕಾರಣ ಹೇಳಲಿ’ ಎಂದು ವಕೀಲರ ಮಗ ಕೇಳಿದ. ಏನು ಹೇಳಲಿ? ಮನೆಯಲ್ಲಿ ಅಮ್ಮನ ಹತ್ತಿರವೂ ಪಿಸುಮಾತಿನಲ್ಲಿ ಹೇಳುವ ಸಂಗತಿ. ಬಾಯಿ ಜೋರಿನ ಪ್ರಧಾನಿ ಮೂಗಿಯ ಹಾಗೆ ನಿಂತಳು. ಕೊನೆಗೆ ‘ಬೇಕು ಅಂದ್ರ ಬೇಕು’ ಎಂದು ಕೂತೆ. ಆಟದ ಸಾಮಾನು ಎಲ್ಲಿ ಹೋಗುತ್ತದೋ ಎಂಬ ಚಿಂತೆಗೆ ಹಳ್ಳಿ ಹುಡುಗರಲ್ಲೂ ಕೆಲವರು ಜಾರಿದರು. ಆದರೂ ನನ್ನ ಲೆಕ್ಕದಲ್ಲಿ ಒಂದು ಮತದಿಂದ ಗೆಲ್ಲಬೇಕಿತ್ತು. ಎಣಿಸಿದರು. ಸಮ ಬಂತು.

ಪಕ್ಕಕ್ಕೆ ನೋಡಿದೆ. ಹಾಲಮ್ಮನ ಜಾಗ ಖಾಲಿ. ಬೆಳಿಗ್ಗೆಯಿಂದ ಖಾಲಿ ಇತ್ತು, ಗಡಿಬಿಡಿಯಲ್ಲಿ ನಾನು ಅವಳನ್ನೂ ಎಣಿಸಿಕೊಂಡಿದ್ದೆ. ಅವಳು ಯಾಕೆ ಬಂದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಆ ಕೊಠಡಿ ಇಲ್ಲದ್ದಕ್ಕೇ ಅವಳು ಬಂದಿರಲಿಲ್ಲ.

ಆದರೂ ಹೆದರಿಕೆಯಾಗಲಿಲ್ಲ. ಅಕ್ಕೋರಿದ್ದಾರಲ್ಲ! ನಾವೆಲ್ಲ ಅವರ ಕಡೆ ತಿರುಗಿದೆವು. ಅವರು ಒಂದು ಗಳಿಗೆ ಹಾಲಮ್ಮನ ಜಾಗ ನೋಡಿದರು. ಆಮೇಲೆ ಎದ್ದು ನಿಂತು, ‘ಮಸೂದೆಗೆ ವಿರುದ್ಧ’ ಎಂದು ಕೈ ಎತ್ತಿದರು.

ಯಾರೂ ಬೆಂಚು ಬಡಿಯಲಿಲ್ಲ, ಗೆದ್ದವರೂ ಕೂಡ. ನಾನು ಅಳುತ್ತ ಎದ್ದು ಹೋದೆ.

ಸಂಜೆ ಸ್ಟೇಷನ್ನಿಗೆ ಹೋದೆ. ಅಕ್ಕೋರು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಹಾಲಮ್ಮ ಬಂದಿದ್ದರೆ ಗೆಲ್ಲುತ್ತಿದ್ದೆವು, ಯಾಕೆ ಬಂದಿಲ್ಲ ಅಂತ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದೆ.

‘ಗೊತ್ತೈತಿ’ ಅಂದರು.

‘ಮತ್ತ?’

‘ಸಭಾದಾಗ ಇಲ್ಲದವರ ಮತ ನಾ ಹಾಕಂಗಿಲ್ಲವ್ವಾ. ಹೋದ ಸಲ ನಿಮ್ಮ ಸರ್ಕಾರ ಉಳಿಸಿದ್ದು ಅದೇ ನಿಯಮ. ಅವತ್ತು ಬೇಕಾಗಿತ್ತು, ಇವತ್ತು ಬ್ಯಾಡಾತೇನು?’

‘ನಮಗೆ ಬೇಕಾಗಿದ್ದು ಕೊಠಡಿ. ನಿಮಗೇನು ಗೊತ್ತು’ ಎಂದೆ. ಅಷ್ಟು ಸಿಟ್ಟು ಬಂದಿತ್ತು.

‘ನಾನು ಬೆಳಿಗ್ಗೆ ಗಾಡಿ ಹತ್ತಿದ್ರ, ತಿರುಗಿ ಮನಿ ಮುಟ್ಟೋತನಕ ಒಂದು ಗುಟುಕು ನೀರು ಕುಡಿಯಂಗಿಲ್ಲ’ ಅಂದರು. ‘ಈ ಶಾಲಿಗೆ ಬಂದಾಗಿನಿಂದ.’

ಗಾಡಿ ಬಂತು, ಹತ್ತಿ ಹೋದರು. ನಾನು ಅಲ್ಲೇ ನಿಂತಿದ್ದೆ. ಬಿಸಿಲುಗಾಲದಲ್ಲಿ ಗಂಟಲು ಹರಿಯುವ ಹಾಗೆ ಪಾಠ ಮಾಡಿದ ಆ ಹೆಂಗಸು ನೀರು ಮುಟ್ಟದೆ ಇದ್ದರು. ನಮಗೆಲ್ಲರಿಗಿಂತ ಹೆಚ್ಚಾಗಿ ಆ ಕೊಠಡಿ ಬೇಕಾಗಿದ್ದದ್ದು ಅವರಿಗೆ. ಮಸೂದೆಯ ಪರ ಕೈ ಎತ್ತಿದ್ದರೆ ಸಿಗುತ್ತಿತ್ತು, ತಪ್ಪು ಅನ್ನುವವರೂ ಇರಲಿಲ್ಲ. ಎಂಥ ಗಟ್ಟಿ ಜೀವ ಅದು...

ಬಿದ್ದುಹೋದ ಮಸೂದೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಸಂಕ್ರಾಂತಿ ಕಳೆಯುವವರೆಗೆ ಕಾದೆವು. ಅಕ್ಕೋರು ನೀರು ಕುಡಿಯದ ಸಂಗತಿಯನ್ನು ನಾನು ಒಬ್ಬರಿಗೆ ಹೇಳಿದ್ದೆ, ಅದು ಊರಿಗೇ ಹೇಳಿದ ಹಾಗಾಗಿತ್ತು. ಮತ್ತೆ ಮಸೂದೆ ತಂದಾಗ ವಕೀಲರ ಮಗನೇ ಮೊದಲು ಎದ್ದು ನಿಂತ. ‘ನಮಗ ಕಾರಣ ಬ್ಯಾಡ್ರಿ. ಸಭಾಧ್ಯಕ್ಷರು ತಮಗ ಬೇಕಾಗಿದ್ದಕ್ಕ ತಾವೇ ಬ್ಯಾಡ ಅಂದ್ರು. ಅವರ ಎದುರಿಗೆ ನಾವು ಇನ್ನೊಂದ್ಸಲ ಬ್ಯಾಡ ಅನ್ನಾಕ ಆಗಲ್ಲ’ ಅಂದ. ಒಬ್ಬರೂ ವಿರೋಧಿಸಲಿಲ್ಲ. ‘ಮಸೂದೆ ಅಂಗೀಕಾರ ಆಗೈತಿ’ ಎಂದ ಅಕ್ಕೋರ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಗಂಟೆ ಬಾರಿಸಿ ಕುರ್ಚಿಯಿಂದ ಇಳಿದು, ವರಾಂಡದ ಮಣ್ಣಿನ ಹರವಿಯ ಬಳಿ ಹೋಗಿ, ನಮ್ಮೆಲ್ಲರ ಎದುರಿಗೆ ಲೋಟ ತುಂಬ ನೀರು ಕುಡಿದರು. ಇನ್ನೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ಕುಡಿದರು.

ಆದರೆ ಹಾಲಮ್ಮ ಆಗಲೇ ಶಾಲೆ ಬಿಟ್ಟಾಗಿತ್ತು. ಅವಳಪ್ಪ ಹೇಳಿದ ಮಾತಿನಂತೆ ನಡೆದುಕೊಂಡಿದ್ದರು. ಅವಳಿಗೆ ಗಂಡು ನೋಡುತ್ತಿದ್ದಾರೆ ಎಂದು ಕೇಳಿದೆ. ನಾನು ಅವಳ ಮನೆಗೆ ಹೋಗಲಿಲ್ಲ, ಹೋಗಿ ಏನು ಮುಖ ತೋರಿಸಲಿ? ಆ ಬೇಸಿಗೆಯಲ್ಲೇ ಅಪ್ಪನಿಗೆ ದಾವಣಗೆರೆಗೆ ವರ್ಗವಾಗಿ ನಾವು ಹರಿಹರ ಬಿಟ್ಟೆವು. ದಿಲ್ಲಿಯ ಆ ಸರ್ಕಾರವೂ ಎಪ್ಪತ್ತರ ಕೊನೆಯವರೆಗೆ ಹೇಗೋ ನಡೆದು, ಚುನಾವಣೆಗೆ ಹೋಯಿತು. ಅಪ್ಪ, ಚಿಕ್ಕಪ್ಪ ಮಾತು ಶುರು ಮಾಡಿದರು.

ಅಕ್ಕೋರು ಹೋಗಿ ಈಗ ಎರಡು ವರ್ಷ. ಇದೇ ಊರಿನ ವಿನೋಬನಗರದಲ್ಲಿ ಅಣ್ಣನ ಮಕ್ಕಳ ಜೊತೆ ಕೊನೆಯವರೆಗೂ ಇದ್ದರು. ಹಬ್ಬಕ್ಕೊಮ್ಮೆ ಹೋಗಿ ಕಾಲು ಮುಟ್ಟಿ ಬರುತ್ತಿದ್ದೆ. ಹಾಲಮ್ಮನ ಮಾತು ಮಾತ್ರ ನಾನಾಗಿ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರ ಬಗ್ಗೆ ನನಗಿದ್ದ ಬೆರಗಿನಲ್ಲಿ ಆ ಒಂದು ಮುಳ್ಳು ಹಾಗೇ ಇತ್ತು. ನಿಯಮ ಉಳಿಯಿತು, ಹುಡುಗಿ ಹೋದಳು ಅಂತ.

ಮೊನ್ನೆ ಮನಸ್ಸು ತಡೆಯಲಿಲ್ಲ. ಅವರಿವರನ್ನು ಕೇಳಿ ನಂಬರು ಹುಡುಕಿ ಹಾಲಮ್ಮನಿಗೆ ಫೋನು ಮಾಡಿದೆ. ಹರಿಹರದಲ್ಲೇ ಇದ್ದಾಳೆ, ಮೊಮ್ಮಕ್ಕಳಾಗಿದ್ದಾರೆ. ಅದೂ ಇದೂ ಮಾತಾಡಿ ಕೊನೆಗೆ ಕೇಳಿಯೇಬಿಟ್ಟೆ, ‘ಅವತ್ತು ಅಕ್ಕೋರು ನಮ್ಮ ಕಡೆ ಕೈ ಎತ್ತಿದ್ರೆ ನೀನು ಓದ್ತಿದ್ದೆ ಅಲ್ಲೇನೇ? ನಿನಗೆ ಸಿಟ್ಟು ಬರಲಿಲ್ವ?’

‘ಬಂದಿತ್ತು’ ಅಂದಳು. ‘ಆಮೇಲೆ ಅವ್ರು ಮನಿಗೆ ಬರಾಕ ಹತ್ತಿದ್ರಲ್ಲ. ನಿಂಗೆ ಹೇಳಿರ್ಲಿಲ್ಲೇನು?’

ನನಗೆ ಯಾರೂ ಹೇಳಿರಲಿಲ್ಲ.

‘ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮ್ಯಾಲೆ ಬರ್ತಿದ್ರು. ನನ್ನ ಮದ್ವಿ ಆಗೋತನಕ ಬಂದ್ರು. ಪರೀಕ್ಷೆ ಕಟ್ಟಾಕ ನಮ್ಮಪ್ಪ ಬಿಡ್ಲಿಲ್ಲ, ಆದ್ರೆ ಪುಸ್ತಕ ಮುಗಿಸಿದ್ವಿ. ನನ್ನ ಮಕ್ಕಳಿಗೆ ಲೆಕ್ಕ ನಾನೇ ಹೇಳಿಕೊಟ್ಟೆ ಕಣೆ, ಯಾವ ಟ್ಯೂಷನ್ನಿಗೂ ಕಳಿಸ್ಲಿಲ್ಲ.’ ಮತ್ತೆ ಅಂದಳು, ‘ಮೊದಲ್ನೇ ಸಲ ಬಂದಾಗ, ತಪ್ಪಾತು ಅಂತಾರೇನೋ ಅಂತ ಕಾದೆ. ನಮ್ಮವ್ವನೂ ಬಾಗಿಲ ಹಿಂದೆ ನಿಂತು ಕಾದ್ಲು. ಅನ್ಲಿಲ್ಲ. ಚಾಪೆ ಮ್ಯಾಲೆ ಕೂತು, ಪುಸ್ತಕ ತೆಗಿ ಅಂದ್ರು.’

ಫೋನು ಇಟ್ಟೆ. ವಿನೋಬನಗರ ಇಲ್ಲಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಎದ್ದು ಹೋಗಿ ಅವರ ಮುಂದೆ ಸುಮ್ಮನೆ ಕೂತು ಬರೋಣ ಅನ್ನಿಸಿತು... ಸೀರೆಯ ಸೆರಗು ಸರಿ ಮಾಡಿಕೊಂಡು ಎದ್ದೂ ನಿಂತಿದ್ದೆ, ಅವರಿಲ್ಲವೆಂಬುದು ಆಗ ನೆನಪಾಯಿತು.